ಗೆಳೆಯರು ಮನೆಯವರಾಗಬಲ್ಲರೇ?

'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂಬುದು ಹಿರಿಯರ ಗಾದೆ. 'ಕಷ್ಟಕ್ಕಾದವನೇ ನೆಂಟ' ಎಂಬುದೂ ಅವರದೇ ಮಾತು. ಮೊದಲನೆಯದು ಮನೆಯನ್ನು ಹೊಗಳುತ್ತದೆ; ಎರಡನೆಯದು ರಕ್ತಸಂಬಂಧವನ್ನು ಕೇಳುವುದೇ ಇಲ್ಲ. ಹಾಗಾದರೆ ಆಪ್ತ ಗೆಳೆಯರು ಪ್ರೀತಿಯ ಕುಟುಂಬದ ಸ್ಥಾನವನ್ನು ತುಂಬಬಲ್ಲರೇ? ನಮ್ಮ ಕೊಲ್ಹಾಪುರ ಜಿಲ್ಲೆಯ ಇತಿಹಾಸದಲ್ಲಿಯೇ ಇದಕ್ಕೆ ಉತ್ತರವನ್ನು ಹುಡುಕೋಣ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳ್ಳಿಯ ಹುಡುಗರು ಹೆಚ್ಚು ಕಲಿಯಬೇಕಾದರೆ ಮನೆ ಬಿಟ್ಟು ಕೊಲ್ಹಾಪುರಕ್ಕೆ ಬರಬೇಕಾಗಿತ್ತು. ಅಲ್ಲಿ ಉಳಿಯಲು ಸ್ಥಳವಿಲ್ಲದೆ ಎಷ್ಟೋ ಮಕ್ಕಳ ಓದು ನಿಲ್ಲುತ್ತಿತ್ತು. ಇದನ್ನು ಅರಿತ ರಾಜರ್ಷಿ ಶಾಹು ಮಹಾರಾಜರು 1901ರಿಂದ ಮೊದಲುಗೊಂಡು ಮರಾಠಾ, ಜೈನ, ಲಿಂಗಾಯತ, ಮುಸ್ಲಿಂ ಮುಂತಾದ ಸಮಾಜಗಳ ವಸತಿಗೃಹಗಳಿಗೆ ಆಸರೆ ನೀಡಿದರು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲು ಆರಂಭವಾಯಿತು.

ಇಚಲಕರಂಜಿಗೆ ಸಮೀಪದ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ ಪಾಟೀಲರು ಜೈನ ಬೋರ್ಡಿಂಗಿನಲ್ಲಿದ್ದು ಕಲಿತವರು. ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳಿಗಾಗಿ ವಸತಿಗೃಹವನ್ನು ತೆರೆದರು. ಮಕ್ಕಳು ಕೂಡಿ ದುಡಿದರು, ಒಂದೇ ಪಂಕ್ತಿಯಲ್ಲಿ ಉಂಡರು. ಆದರೆ ಕೂಡಿ ಉಂಡರೆ ಮಾತ್ರ ಮನೆಯಾದೀತೇ? ನಾಳಿನ ಕಾಳನ್ನು ತರುವವರು ಯಾರು? ಭಾವುರಾವರ ಪತ್ನಿ ಲಕ್ಷ್ಮೀಬಾಯಿಯವರು ಆ ಮಕ್ಕಳ ಊಟಕ್ಕಾಗಿ ತಮ್ಮ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಅವರು 1930ರಲ್ಲಿ ತೀರಿಕೊಂಡರು. ಹೆತ್ತ ತಾಯಿಯಲ್ಲದಿದ್ದರೂ ಅವರನ್ನು ಜನ ಇಂದಿಗೂ ತಾಯಿಯೆಂದೇ ನೆನೆಯುತ್ತಾರೆ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಒಂದು: ಕುಟುಂಬವು ರಕ್ತದಿಂದ ಮಾತ್ರ ಆಗುವುದಿಲ್ಲ, ಹೊಣೆ ಹೊರುವುದರಿಂದ ಆಗುತ್ತದೆ. ಎರಡು: ಸಮವಯಸ್ಸಿನ ಗೆಳೆಯರು ಎಷ್ಟೇ ಆಪ್ತರಿದ್ದರೂ ಮಕ್ಕಳಿಗೆ ಒಬ್ಬ ಹಿರಿಯರ ನೆರಳು ಬೇಕೇ ಬೇಕು. ಗೆಳೆಯನು ನಮ್ಮೊಡನೆ ಅಳಬಲ್ಲನು. ಆದರೆ ಶಾಲೆಯ ಶುಲ್ಕ, ಔಷಧದ ಖರ್ಚು, ತಪ್ಪಿದಾಗ ಬುದ್ಧಿಮಾತು, ಇವೆಲ್ಲ ಹುಡುಗನೊಬ್ಬನ ಹೆಗಲಿಗೆ ಭಾರವೇ ಸರಿ.

ದೊಡ್ಡವರ ಮಾತು ಬೇರೆ. ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯಲು ದೂರದ ಊರುಗಳಿಂದ ಬಂದವರು ಒಂದೇ ಖೋಲಿಯಲ್ಲಿ ನಾಲ್ಕಾರು ಜನ ಇರುವುದುಂಟು. ಒಬ್ಬನು ಜ್ವರದಿಂದ ಮಲಗಿದಾಗ ಇನ್ನೊಬ್ಬನು ಅವನ ಖಾನಾವಳಿಯ ಬಾಕಿಯನ್ನು ತೀರಿಸಿ, ರಾತ್ರಿಯೆಲ್ಲ ಬಳಿಯಲ್ಲಿ ಕುಳಿತರೆ, ಆ ಹೊತ್ತಿಗೆ ಅವನೇ ಅಣ್ಣ, ಅವನೇ ತಮ್ಮ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಯಲ್ಲಿಯೂ ತಾಯಿ ತಂದೆಯರಿಲ್ಲದ, ಇದ್ದರೂ ಪ್ರೀತಿ ಕಾಣದ ಗೆಳೆಯನೊಬ್ಬನು ಇರಬಹುದು. ಅವನ ದುಃಖವನ್ನು ನೀವೊಬ್ಬರೇ ಬಚ್ಚಿಟ್ಟುಕೊಳ್ಳಬೇಡಿರಿ. ಅವನನ್ನು ಮನೆಗೆ ಕರೆದೊಯ್ಯಿರಿ, ನಿಮ್ಮ ತಾಯಿಗೆ, ಗುರುಗಳಿಗೆ ತಿಳಿಸಿರಿ. ಪಾಲಕರೇ, ಮಗನೊಡನೆ ಬಂದ ಹುಡುಗನ ಜಾತಿಯನ್ನು ಕೇಳುವ ಮೊದಲು ಊಟವಾಯಿತೇ ಎಂದು ಕೇಳಿರಿ. ಗೆಳೆತನವು ಮನೆಯ ಬಾಗಿಲನ್ನು ತಟ್ಟಬಲ್ಲದು. ಅದನ್ನು ತೆರೆಯಬೇಕಾದವರು ಹಿರಿಯರೇ.