ತಿರುಗುವ ಎಂಜಿನು ಹೊತ್ತಿಕೊಳ್ಳದೇಕೆ?

ಮಳೆಗಾಲದ ಒಂದು ಬೆಳಗು. ತಂದೆಯವರನ್ನು ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ತೀರ್ಥಹಳ್ಳಿಯಿಂದ ಶಿವಮೊಗ್ಗೆಗೆ ಕರೆದೊಯ್ಯಬೇಕಾಗಿತ್ತು. ಮನೆಯ ಹಳೆಯ ಅಂಬಾಸಡರ್ ಕಾರಿನ ಸ್ಟಾರ್ಟರನ್ನು ಒತ್ತಿದೆ. ಎಂಜಿನು ಗರಗರನೆ ತಿರುಗಿತು, ಆದರೆ ಹೊತ್ತಿಕೊಳ್ಳಲಿಲ್ಲ. ಭೌತಶಾಸ್ತ್ರ ಬೋಧಿಸುವವನಿಗೆ ಇದೇನು ಮಹಾ ಎಂದು ಒಂದು ಪ್ಲಗ್ಗನ್ನು ಬಿಚ್ಚಿ, ಅದರ ಲೋಹದ ಮೈಯನ್ನು ಎಂಜಿನಿಗೆ ತಾಗಿಸಿ ನೋಡಿದೆ. ಹಳದಿ ಬಣ್ಣದ ಸಣ್ಣ ಕಿಡಿಯೊಂದು ಹಾರಿತು. ಕಿಡಿ ಇದೆ, ಆದುದರಿಂದ ದೋಷವಿರುವುದು ಪೆಟ್ರೋಲಿನಲ್ಲಿ ಎಂದು ತೀರ್ಮಾನಿಸಿ ಕಾರ್ಬ್ಯುರೇಟರನ್ನು ಕಳಚತೊಡಗಿದೆ. ಮಧ್ಯಾಹ್ನವಾಯಿತು. ಶಸ್ತ್ರಚಿಕಿತ್ಸೆ ಒಂದು ವಾರ ಮುಂದಕ್ಕೆ ಹೋಯಿತು. ತಂದೆಯವರು ಏನೂ ಅನ್ನಲಿಲ್ಲ; ಅದೇ ಹೆಚ್ಚು ನೋವಾಯಿತು.

ನನ್ನ ತರ್ಕ ಎಲ್ಲಿ ತಪ್ಪಿತೆಂಬುದನ್ನು ಈಗ ವಿಚಾರಿಸೋಣ. ಈ ಕಾರುಗಳ ತಯಾರಿಕೆ 2014ರಲ್ಲಿಯೇ ನಿಂತಿತಾದರೂ ನಮ್ಮ ಪಾಠಕ್ಕೆ ಅವು ಹೊಸ ಕಾರುಗಳಿಗಿಂತ ಮೇಲು. ಇವುಗಳಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಪೆಟ್ರೋಲ್ ಎಂಜಿನು ನಡೆಯಲು ತಕ್ಕ ಪ್ರಮಾಣದ ಗಾಳಿ ಮತ್ತು ಪೆಟ್ರೋಲಿನ ಆವಿ, ಆ ಮಿಶ್ರಣದ ಸಂಪೀಡನೆ, ಸರಿಯಾದ ಕ್ಷಣದಲ್ಲಿ ಬಲವಾದ ಕಿಡಿ ಇವಿಷ್ಟೂ ಕೂಡಿಬರಬೇಕು. ಎಂಜಿನು ತಿರುಗಿತೆಂದರೆ ಸ್ಟಾರ್ಟರು ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ.

ಕಿಡಿ ಹುಟ್ಟುವ ಬಗೆಯನ್ನು ನೋಡಿರಿ. 12 ವೋಲ್ಟಿನ ಬ್ಯಾಟರಿಯಿಂದ ಕಾಯಿಲಿನ ಪ್ರಥಮ ಸುರುಳಿಯಲ್ಲಿ ಸುಮಾರು 4 ಆಂಪಿಯರ್ ಪ್ರವಾಹ ಹರಿದು ಕಾಂತಕ್ಷೇತ್ರ ನಿರ್ಮಾಣವಾಗುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ತೆರೆದೊಡನೆ ಪ್ರವಾಹ ಕಡಿದು ಕ್ಷೇತ್ರವು ಕುಸಿಯುತ್ತದೆ. ಕ್ಷೇತ್ರ ಎಷ್ಟು ಬೇಗ ಕುಸಿಯುವುದೋ ಪ್ರೇರಿತ ವೋಲ್ಟೇಜು ಅಷ್ಟು ಹೆಚ್ಚು. ಇದು ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ. ಸಾವಿರಾರು ಸುತ್ತುಗಳುಳ್ಳ ದ್ವಿತೀಯ ಸುರುಳಿಯಲ್ಲಿ ಹೀಗೆ ಹತ್ತು ಸಾವಿರಕ್ಕೂ ಮಿಕ್ಕ ವೋಲ್ಟುಗಳು ಮೂಡುತ್ತವೆ. ಆದರೆ ಪ್ರವಾಹವು ಸುಲಭವಾಗಿ ಕಡಿಯಲೊಲ್ಲದು. ತೆರೆಯುತ್ತಿರುವ ಪಾಯಿಂಟುಗಳ ನಡುವೆಯೇ ಹಾರಿ ಹರಿಯಲು ಯತ್ನಿಸುತ್ತದೆ. ಅದನ್ನು ಹೀರಿಕೊಂಡು ಕ್ಷೇತ್ರವನ್ನು ಥಟ್ಟನೆ ಕುಸಿಯಗೊಡುವುದು ಬೆರಳುದ್ದವೂ ಇಲ್ಲದ ಕಂಡೆನ್ಸರು. ಅದು ಕೆಟ್ಟರೆ ಪಾಯಿಂಟುಗಳು ಸುಟ್ಟು ಕಪ್ಪಾಗುತ್ತವೆ. ಪ್ಲಗ್ಗಿನ ಕಿಡಿ ಬಡವಾಗುತ್ತದೆ.

ಬಡವಾದ ಕಿಡಿಯೂ ಹೊರಗಿನ ಗಾಳಿಯಲ್ಲಿ ಹಾರುತ್ತದೆ ಎಂಬುದೇ ನನ್ನನ್ನು ಮೋಸಗೊಳಿಸಿದ ಸಂಗತಿ. ಸುಮಾರು 0.6 ಮಿಲಿಮೀಟರ್ ಅಂತರವನ್ನು ಹಾಯಲು ಸಾಮಾನ್ಯ ಗಾಳಿಯಲ್ಲಿ 3,000 ವೋಲ್ಟುಗಳಷ್ಟಿದ್ದರೆ ಸಾಕು. ಸಿಲಿಂಡರಿನೊಳಗೆ ಅದೇ ಅನಿಲವು ಏಳೆಂಟರಲ್ಲೊಂದು ಪಾಲಿನ ಜಾಗಕ್ಕೆ ಅದುಮಲ್ಪಟ್ಟಿರುತ್ತದೆ. ಅಣುಗಳು ಒತ್ತೊತ್ತಾಗಿರುವಲ್ಲಿ ಎಲೆಕ್ಟ್ರಾನು ಮತ್ತೊಂದು ಅಣುವಿಗೆ ಬಡಿಯುವ ಮೊದಲು ಓಡಬಲ್ಲ ದೂರ ಕಡಿಮೆ, ಗಳಿಸುವ ಶಕ್ತಿಯೂ ಕಡಿಮೆ. ಆದುದರಿಂದ ಕಿಡಿ ಹಾರಲು ಮೂರು ನಾಲ್ಕು ಮಡಿ ವೋಲ್ಟೇಜು ಬೇಕಾಗುವುದು. ಹೊರಗೆ ಗೆದ್ದ ಕಿಡಿ ಒಳಗೆ ಸೋಲುವುದು ಹೀಗೆ.

ಇನ್ನೊಂದು ಸೂಕ್ಷ್ಮವಿದೆ. ಸ್ಟಾರ್ಟರು 150 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳಿರಿ. ಮುಪ್ಪಾದ ಬ್ಯಾಟರಿಯ ಒಳರೋಧ 0.03 ಓಮ್ ಆದರೆ 4.5 ವೋಲ್ಟು ಅಲ್ಲಿಯೇ ವ್ಯಯವಾಗಿ, 12.6ರ ಬದಲು ಕಾಯಿಲಿಗೆ ದೊರೆಯುವುದು 8.1 ಮಾತ್ರ. ಸುರುಳಿಯಲ್ಲಿ ಕೂಡುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಲೆಕ್ಕ ಹಾಕಿದರೆ ಅದು ನೂರಕ್ಕೆ ನಲವತ್ತೊಂದಕ್ಕೆ ಇಳಿದಿರುತ್ತದೆ. ಎಂಜಿನನ್ನು ತಿರುಗಿಸುವ ಕೆಲಸವೇ ಕಿಡಿಯ ಬಲವನ್ನು ಕಸಿಯುತ್ತದೆ!

ಸಂಜೆ ಬಂದ ಮೆಕ್ಯಾನಿಕ್ ಶಾಲೆಯನ್ನು ಬೇಗ ಬಿಟ್ಟವನು. ನಾನು ಬಿಚ್ಚಿಟ್ಟಿದ್ದ ಪ್ಲಗ್ಗನ್ನು ಮೂಸಿ ನೋಡಿ, “ಪೆಟ್ರೋಲು ಬಂದು ಪ್ಲಗ್ಗು ಒದ್ದೆಯಾಗಿದೆಯಲ್ಲ ಮೇಷ್ಟ್ರೇ, ಕಾರ್ಬ್ಯುರೇಟರನ್ನು ಯಾಕೆ ಕಳಚಿದಿರಿ?” ಎಂದ. ಉತ್ತರವಿರಲಿಲ್ಲ. ಅವನು ಪ್ಲಗ್ಗನ್ನು ಒರೆಸಿ ಸ್ವಸ್ಥಾನದಲ್ಲಿ ಬಿಗಿದು, ಕಾಯಿಲಿನಿಂದ ಬರುವ ದಪ್ಪ ತಂತಿಯ ತುದಿಯನ್ನು ರಬ್ಬರು ಹಿಡಿಯ ಇಕ್ಕಳದಲ್ಲಿ ಹಿಡಿದು ಎಂಜಿನಿನಿಂದ 6 ಮಿಲಿಮೀಟರಿನಷ್ಟು ದೂರ ನಿಲ್ಲಿಸಿದ. ನಾನು ಸ್ಟಾರ್ಟರು ಒತ್ತಿದೆ. ಕಿಡಿ ಹಾಯಲಿಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಪಾಯಿಂಟುಗಳು ಸುಟ್ಟು ಕರಿಯಾಗಿದ್ದವು. ಅವುಗಳನ್ನು ಉಜ್ಜಿ, ಅಂತರ ಸರಿಪಡಿಸಿ, ಹೊಸ ಕಂಡೆನ್ಸರು ಹಾಕಿದ ಮೇಲೆ ನೀಲಿ ಕಿಡಿ ಚಟ್ಟೆಂದು ಹಾರಿತು. ಕಾರ್ಬ್ಯುರೇಟರನ್ನು ಮರಳಿ ಜೋಡಿಸಿದ್ದೂ ಅವನೇ.

ವಾಚಕರು ಈ ಪರೀಕ್ಷೆಯನ್ನು ತಿಳಿದವರ ಜೊತೆಯಲ್ಲಿಯೇ ಮಾಡಬೇಕು. ಗೇರು ನ್ಯೂಟ್ರಲಿನಲ್ಲಿರಲಿ. ಪ್ಲಗ್ಗಿನ ರಂಧ್ರ ತೆರೆದಿರುವಾಗ, ಅಥವಾ ಪೆಟ್ರೋಲು ಚೆಲ್ಲಿರುವಾಗ, ಹತ್ತಿರ ಕಿಡಿ ಹಾರಿಸಬಾರದು. ನಾನು ಬೆಳಿಗ್ಗೆ ಹಾಗೆ ಮಾಡಿದ್ದು ಅವಿವೇಕ. ಬಲವಾದ ಕಿಡಿಯಿದ್ದು, ಎಷ್ಟು ತಿರುಗಿಸಿದರೂ ಪ್ಲಗ್ಗು ಒಣಗಿಯೇ ಇದ್ದರೆ ಆಗ ಟ್ಯಾಂಕು, ಪಂಪಿನ ಡಯಾಫ್ರಂ, ಕಾರ್ಬ್ಯುರೇಟರು ಹೀಗೆ ಪೆಟ್ರೋಲು ಬರುವ ದಾರಿಯನ್ನು ಹಿಡಿದು ಹೋಗಬೇಕು. ಮಲೆನಾಡಿನ ಮಳೆಯಲ್ಲಾದರೋ ಅದಕ್ಕೂ ಮೊದಲು ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಮೈಯನ್ನು ಒಣಬಟ್ಟೆಯಿಂದ ಒರೆಸಿ ನೋಡುವುದು ಒಳ್ಳೆಯದು. ತೇವದ ಪದರದ ಮೇಲೆ ವಿದ್ಯುತ್ತು ಸೋರಿಹೋಗುವುದುಂಟು.