ಮೊದಲು ಕಿವಿ ಪರೀಕ್ಷೆ ಮಾಡಿಸಿ

ಪ್ರಶ್ನೆ: ಒಂಬತ್ತು ವರ್ಷದ ಮಗ ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ಗೆ ಮಣಿಪಾಲದಲ್ಲಿ ಚಿಕಿತ್ಸೆ ಪಡೆದು ಮನೆಗೆ ಬಂದು ಮೂರು ವಾರವಾಯಿತು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಸಣ್ಣದಕ್ಕೂ ಸಿಟ್ಟು. ಅಕ್ಕಪಕ್ಕದವರು ಮಕ್ಕಳನ್ನು ಕಳಿಸುತ್ತಿಲ್ಲ. ಇದು ಹಟವೇ?
– ಒಬ್ಬ ತಾಯಿ, ಹೊನ್ನಾವರ

ಉತ್ತರ: ಹಟ ಅಂದುಕೊಳ್ಳಬೇಡಿ ತಾಯಿ. ಎದುರು ನಿಂತು ಹೇಳಿದ್ದನ್ನು ಮಾತ್ರ ಮಾಡುತ್ತಾನೆ ಎಂದೂ ಬರೆದಿದ್ದೀರಿ. ಅವನು ನಿಮ್ಮ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿರಬಹುದು. ಮೆದುಳಿನ ಪೊರೆಯ ಸೋಂಕು ಒಳಗಿವಿಗೂ ಇಳಿದು ಶ್ರವಣಶಕ್ತಿಯನ್ನು ಕೆಡಿಸಬಲ್ಲದು. ಕೆಲವರಲ್ಲಿ ಒಳಗಿವಿಯ ಸುರುಳಿಯೊಳಗೆ ಕೆಲವೇ ವಾರಗಳಲ್ಲಿ ಮೂಳೆ ಬೆಳೆಯತೊಡಗುತ್ತದೆ. ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣ ಸಾಧನ ಕೂರಿಸುವುದೂ ಕಷ್ಟ. ಮಳೆ ಬಿಡಲಿ, ಶಾಲೆಯ ಪರೀಕ್ಷೆ ಮುಗಿಯಲಿ ಎನ್ನದೆ ಈ ವಾರವೇ ಆಡಿಯೋಮೆಟ್ರಿ (ಶ್ರವಣ ಪರೀಕ್ಷೆ) ಮಾಡಿಸಿ. ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಮೆನಿಂಜೈಟಿಸ್ ಆದ ಪ್ರತಿ ಮಗುವಿಗೂ ಈ ಪರೀಕ್ಷೆ ಬೇಕು.

ಸಿಟ್ಟು, ಮರೆವು, ಸುಸ್ತು ತಿಂಗಳುಗಟ್ಟಲೆ ಇರಬಹುದು. ಶಾಲೆಗೆ ಮೊದಲು ಅರ್ಧ ದಿನ ಕಳಿಸಿ, ಮುಂದಿನ ಬೆಂಚಿನಲ್ಲಿ ಕೂರಿಸಲು ಮಾಸ್ತರರಿಗೆ ಹೇಳಿ. ಫಿಟ್ಸ್‌ಗೆ ಮಾತ್ರೆ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ.

ಪೂರ್ತಿ ಚಿಕಿತ್ಸೆಯಾದ ಮಗುವಿನಿಂದ ರೋಗ ಹರಡುವುದಿಲ್ಲ. ನೆರೆಯವರಿಗೆ ಧೈರ್ಯವಾಗಿ ಹೇಳಿ, ಅವರ ಕೂಸುಗಳಿಗೆ ಪೆಂಟಾವೇಲೆಂಟ್, ಪಿಸಿವಿ ಲಸಿಕೆ ಆಗಿದೆಯೇ ಎಂದೂ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡೂ ಉಚಿತ.

ಮತ್ತೆ ಜ್ವರ, ವಾಂತಿ, ಮಂಪರು ಅಥವಾ ಫಿಟ್ಸ್ ಬಂದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ.