ಇಲಿಯ ನೋವು, ರೋಗಿಯ ಹಿತ

ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ಹಿರಿಯರನ್ನು ರೋಣ, ನರಗುಂದ, ಗಜೇಂದ್ರಗಡದ ಕಡೆ ನಾವೆಲ್ಲರೂ ಕಂಡಿದ್ದೇವೆ. ನಮ್ಮ ಜನ ಇದನ್ನು ಲಕ್ವಾ ಎನ್ನುತ್ತಾರೆ. ಇದಕ್ಕೆ ಔಷಧಿ ಹುಡುಕಲು ವಿಜ್ಞಾನಿಗಳು ಇಲಿಗಳಿಗೆ ಬೇಕೆಂದೇ ಈ ರೋಗವನ್ನು ಬರಿಸುತ್ತಾರೆ. ಇದು ಸರಿಯೇ? ಕಾಲೇಜಿಗೆ ಹೋಗುವ ಮಕ್ಕಳು ಕೇಳುವ ಈ ಪ್ರಶ್ನೆಗೆ ತಂದೆತಾಯಿಗಳು ಉತ್ತರ ತಿಳಿದಿರುವುದು ಒಳ್ಳೆಯದು.

ಪ್ರಯೋಗ ನಡೆಯುವುದು ಹೀಗೆ: ಇಲಿಗೆ ಅರಿವಳಿಕೆ ಕೊಟ್ಟು, ಕುತ್ತಿಗೆಯ ರಕ್ತನಾಳದ ಮೂಲಕ ಸಣ್ಣ ಎಳೆಯೊಂದನ್ನು ಮಿದುಳಿನ ನಾಳದವರೆಗೆ ತೂರಿಸಿ ರಕ್ತವನ್ನು ತಡೆಯುತ್ತಾರೆ. ಅನಂತರ ಔಷಧಿ ಕೊಟ್ಟು, ಮಿದುಳು ಎಷ್ಟು ಉಳಿಯಿತೆಂದು ನೋಡುತ್ತಾರೆ. ಇಂಥ ಪ್ರಯೋಗಗಳಿಂದ ಫಲ ದೊರೆತದ್ದುಂಟು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು 1985ರಲ್ಲಿ ಮೊಲಗಳ ಮೇಲೆ ಪರೀಕ್ಷಿಸಲಾಯಿತು. 1996ರಲ್ಲಿ ಅಮೆರಿಕಾ ಅದನ್ನು ಪಾರ್ಶ್ವವಾಯು ರೋಗಿಗಳಿಗೆ ಕೊಡಲು ಒಪ್ಪಿತು.

ಸೋಲೂ ಉಂಟು. ಎನ್‌ಎಕ್ಸ್‌ವೈ-059 ಎಂಬ ಔಷಧಿ ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದಂತೆ ಕಂಡಿತ್ತು. ಆದರೆ 3,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ನಿಷ್ಪ್ರಯೋಜಕವೆಂದು ತಿಳಿಯಿತು. ಹಳೆಯ ಪ್ರಯೋಗಗಳನ್ನು ಮತ್ತೆ ಪರಿಶೀಲಿಸಿದಾಗ ಒಂದು ಸಂಗತಿ ಹೊರಬಿತ್ತು. ಯಾವ ಪ್ರಾಣಿಗೆ ಔಷಧಿ ಕೊಟ್ಟಿದೆಯೆಂದು ಅಳೆಯುವವನಿಗೆ ಮೊದಲೇ ಗೊತ್ತಿದ್ದ ಪ್ರಯೋಗಗಳಲ್ಲಿ ಲಾಭ ಹೆಚ್ಚಾಗಿ ಕಂಡಿತ್ತು. ಅಜಾಗರೂಕ ಪ್ರಯೋಗದಲ್ಲಿ ನೊಂದ ಪ್ರಾಣಿ ಯಾರಿಗಾಗಿಯೂ ನೊಂದಂತಾಗುವುದಿಲ್ಲ.

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ಮೂರು ನಿಯಮಗಳನ್ನು ಮುಂದಿಟ್ಟರು: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ ಬಳಸಬೇಕು, ಬಳಸಲೇಬೇಕಾದರೆ ಸಂಖ್ಯೆ ಕಡಿಮೆ ಮಾಡಬೇಕು, ನೋವು ಕಡಿಮೆ ಮಾಡಬೇಕು. ಇದೇ ದಾರಿಯಲ್ಲಿ, 2017ರಲ್ಲಿ ಪಾರ್ಶ್ವವಾಯು ಪ್ರಯೋಗಗಳಿಗೆಂದೇ ಮಾರ್ಗಸೂಚಿಯೊಂದು ಪ್ರಕಟವಾಯಿತು. ಶಸ್ತ್ರಕ್ರಿಯೆಯ ಮುಂಚೆಯೂ ನಂತರವೂ ನೋವಿನ ಔಷಧಿ ಕೊಡಬೇಕು. ಇಲಿಯ ಮೈಯನ್ನು ಬೆಚ್ಚಗಿಡಬೇಕು, ಏಕೆಂದರೆ ಮೈ ತಣ್ಣಗಾದರೆ ಮಿದುಳಿನ ಹಾನಿ ತಾನಾಗಿಯೇ ತಗ್ಗಿ, ಔಷಧಿಯೇ ಗುಣಪಡಿಸಿತೆಂಬ ಭ್ರಮೆ ಹುಟ್ಟುತ್ತದೆ. ಬಲಹೀನವಾದ ಇಲಿಗೆ ಮೆತ್ತಗಿನ ಆಹಾರವನ್ನು ಬಾಯಿಗೆಟಕುವಂತೆ ನೆಲದ ಮೇಲೆ ಇಡಬೇಕು.

ಇದರಿಂದ ಸಂಖ್ಯೆಯೂ ಇಳಿಯುತ್ತದೆ. ಉದಾಹರಣೆಗೆ, ಕೊನೆಯವರೆಗೆ 10 ಇಲಿಗಳು ಬೇಕು, ಆದರೆ ಅರ್ಧದಷ್ಟು ಮಧ್ಯದಲ್ಲೇ ಸಾಯುತ್ತವೆ ಎನ್ನೋಣ. ಆಗ 20 ಇಲಿಗಳಿಂದ ಆರಂಭಿಸಬೇಕು. ಆರೈಕೆಯಿಂದ ಸಾವು ತಪ್ಪಿದರೆ ಹತ್ತೇ ಸಾಕು. ಸ್ಕ್ಯಾನ್ ಯಂತ್ರವಿದ್ದರೆ ದಿನಕ್ಕೊಂದು ಗುಂಪನ್ನು ಕೊಂದು ಮಿದುಳು ನೋಡುವ ಬದಲು, ಅದೇ ಇಲಿಯನ್ನು ಹಲವು ದಿನ ಪರೀಕ್ಷಿಸಬಹುದು.

ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಯೋಗಗಳನ್ನು ನಿಷೇಧಿಸಿಲ್ಲ. ಆದರೆ ಅನಗತ್ಯ ನೋವು ಕೊಡಬಾರದೆನ್ನುತ್ತದೆ. 1998ರ ನಿಯಮಗಳು ಇದಕ್ಕೆ ಮೇಲ್ವಿಚಾರಣೆಯ ವ್ಯವಸ್ಥೆ ಮಾಡಿದವು. ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥವೂ ಇದನ್ನೇ ಕಲಿಸುತ್ತದೆ. ಮಾನವ ಜೀವವನ್ನು ಉಳಿಸಲು, ಮಿತಿಯೊಳಗೆ ಪ್ರಯೋಗ ನಡೆಸಬಹುದು. ಪ್ರಾಣಿಗಳನ್ನು ವಿನಾಕಾರಣ ನೋಯಿಸುವುದು ಮನುಷ್ಯನ ಘನತೆಗೇ ಕುಂದು. ನಮ್ಮ ಒಕ್ಕಲಿಗರಿಗೆ ಇದು ಹೊಸ ಮಾತಲ್ಲ. ಎತ್ತನ್ನು ದುಡಿಸುತ್ತೇವೆ, ಹೆಗಲು ಹುಣ್ಣಾದ ಎತ್ತಿಗೆ ನೊಗ ಹೇರುವುದಿಲ್ಲ.

ನಮ್ಮ ಪಾಲಿನ ಕರ್ತವ್ಯವೂ ಒಂದಿದೆ. ರಕ್ತ ಕರಗಿಸುವ ಆ ಔಷಧಿಯನ್ನು ಸಾಮಾನ್ಯವಾಗಿ ರೋಗ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ, ಸ್ಕ್ಯಾನ್ ಮಾಡಿದ ಮೇಲೆಯೇ ಕೊಡುತ್ತಾರೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಿರಿ. ಮೂಕಪ್ರಾಣಿಗಳ ನೋವಿನಿಂದ ದೊರೆತ ಔಷಧಿ ನಮ್ಮ ವಿಳಂಬದಿಂದ ವ್ಯರ್ಥವಾಗಬಾರದು.

ಕುಟುಂಬದಲ್ಲಿ ಚರ್ಚಿಸಲು:
1. ಪ್ರಾಣಿಯನ್ನು ಬಳಸುವುದಕ್ಕೂ ಹಿಂಸಿಸುವುದಕ್ಕೂ ಇರುವ ವ್ಯತ್ಯಾಸವೇನು?
2. ನಮ್ಮ ಮನೆಯಲ್ಲಿ ಯಾರಿಗಾದರೂ ಲಕ್ವಾ ಹೊಡೆದರೆ ರಾತ್ರಿಯಲ್ಲಿ ಯಾವ ವಾಹನದಲ್ಲಿ, ಯಾವ ಆಸ್ಪತ್ರೆಗೆ ಹೋಗುತ್ತೇವೆ?